ಹಂದಿಜ್ವರ: ಭಾನುವಾರದ ಭಜನೆಗೆ ಬರುವ ಮುಂಚೆ ಓದಿ

ಎಲ್ಲರಿಗೂ ನಮಸ್ಕಾರ. ಪುಣೆಯ ಕೋಥರೂಡಿನಲ್ಲಿ ನಮ್ಮವರ ಎರಡು ಮನೆಗಳಲ್ಲಿ ಜ್ವರ, ಕೆಮ್ಮು ಇದೆ. ಎಚ್‌1ಎನ್‌1 (ಹಂದಿಜ್ವರ ತರುವ ಫ್ಲೂ ವೈರಸ್) ಇರಬಹುದು ಎಂದು ಡಾಕ್ಟರು ಪರೀಕ್ಷೆ ಬರೆದುಕೊಟ್ಟಿದ್ದಾರೆ. 2009ರಲ್ಲಿ ಈ ಜ್ವರಕ್ಕೆ ದೇಶದ ಮೊದಲ ಸಾವು ಆಗಿದ್ದು ನಮ್ಮ ಪುಣೆಯಲ್ಲೇ ಅಲ್ವಾ? ಹೆದರುವುದು ಬೇಡ, ಆದರೆ ಉದಾಸೀನವೂ ಬೇಡ.

ಇದು ಹಂದಿ ಮಾಂಸ ತಿಂದರೆ ಬರುವುದಿಲ್ಲ. ಕೆಮ್ಮು, ಸೀನಿನ ಹನಿಗಳಿಂದ ಹರಡುತ್ತದೆ. ಲಕ್ಷಣ ಕಾಣುವ ಒಂದು ದಿನ ಮುಂಚೆಯೇ ಬೇರೆಯವರಿಗೆ ತಗಲಬಹುದು.

ಜ್ವರ, ಗಂಟಲು ನೋವು, ಮೈಕೈ ನೋವು ಇದ್ದವರು ದಯವಿಟ್ಟು ಭಜನೆಗೆ ಬರಬೇಡಿ. ಪ್ರಸಾದ ಮನೆ ಬಾಗಿಲಿಗೆ ತಲುಪಿಸುತ್ತೇವೆ. ಬರುವವರು ಸೋಪು ಹಚ್ಚಿ ಕೈ ತೊಳೆಯಿರಿ, ಕೆಮ್ಮು ಬಂದರೆ ಮೊಣಕೈ ಅಡ್ಡ ಹಿಡಿಯಿರಿ. ಕಿಟಕಿಗಳನ್ನೆಲ್ಲ ತೆರೆದಿಡುತ್ತೇವೆ.

ಗರ್ಭಿಣಿಯರು, ಪುಟ್ಟ ಮಕ್ಕಳು, ವಯಸ್ಸಾದವರು, ಸಕ್ಕರೆ ಕಾಯಿಲೆ ಅಥವಾ ಆಸ್ತಮಾ ಇರುವವರಿಗೆ ಅಪಾಯ ಜಾಸ್ತಿ. ಇವರಿಗೆ ಜ್ವರ ಬಂದರೆ ಕಾಯಬೇಡಿ. ಒಸೆಲ್ಟಾಮಿವಿರ್ ಎಂಬ ಫ್ಲೂ ಮಾತ್ರೆ ಮೊದಲ 48 ಗಂಟೆಯೊಳಗೆ ಶುರುವಾದರೆ ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಡಾಕ್ಟರು ಹೇಳಿದ ಮೇಲೆಯೇ. ಸುಮ್ನೆ ಅಂಗಡಿಯಿಂದ ಆಂಟಿಬಯೋಟಿಕ್ ತಂದು ನುಂಗಬೇಡಿ, ವೈರಸ್‌ಗೆ ಅದು ನಾಟುವುದಿಲ್ಲ. ಉಸಿರು ಕಟ್ಟಿದರೆ, ಎದೆ ನೋವು ಬಂದರೆ, ತುಟಿ ನೀಲಿಯಾದರೆ ನೇರ ಆಸ್ಪತ್ರೆಗೆ ಹೋಗಿ.

ಫ್ಲೂ ಲಸಿಕೆ ಪ್ರತಿ ವರ್ಷ ಬೇಕು, ರಕ್ಷಣೆ ಬರಲು ಸುಮಾರು ಎರಡು ವಾರ ಹಿಡಿಯುತ್ತದೆ. ಒಟ್ಟಿಗೆ ಹೋಗಿ ಹಾಕಿಸಿಕೊಳ್ಳಲು ಇಷ್ಟವಿರುವವರು, ಭಾನುವಾರ ಬರುವವರು ಶುಕ್ರವಾರ ರಾತ್ರಿಯೊಳಗೆ ಇಲ್ಲೇ ತಿಳಿಸಿ. ಒಬ್ಬರೇ ಇರುವ ಹಿರಿಯರಿಗೆ ಔಷಧಿ, ಊಟ ಬೇಕಿದ್ದರೆ ಸಂಕೋಚ ಬಿಟ್ಟು ಹೇಳಿ.