ಹುಲಿಯ ಪಕ್ಕದಲ್ಲಿ ಬೆರಳುದ್ದದ ಮೀನಿಗೂ ಜಾಗವಿರಲಿ

ಮಾನ್ಯ ಸಂಪಾದಕರೇ,

ವನ್ಯಜೀವಿ ಸಪ್ತಾಹ ಬಂತೆಂದರೆ ಪತ್ರಿಕೆಗಳ ತುಂಬ ಹುಲಿಯದೇ ಚಿತ್ರ, ಹುಲಿಯದೇ ಲೆಕ್ಕ. ಅದಕ್ಕೆ ನನ್ನ ತಕರಾರಿಲ್ಲ. 2022ರ ಗಣತಿಯಲ್ಲಿ ರಾಜ್ಯದ ಹುಲಿಗಳ ಅಂದಾಜು 563ಕ್ಕೆ ಏರಿದಾಗ ಸಂತೋಷಪಟ್ಟವರಲ್ಲಿ ನಾನೂ ಒಬ್ಬ. ಆದರೆ ದೊಡ್ಡ ಪ್ರಾಣಿಯನ್ನು ಉಳಿಸಿಕೊಂಡರೆ ಮಿಕ್ಕಿದ್ದೆಲ್ಲ ತಾನಾಗಿಯೇ ಉಳಿಯುತ್ತದೆ ಎಂಬ ಮಾತು ಕಾಡಿನ ಮಟ್ಟಿಗೆ ಬಹುಪಾಲು ನಿಜವಾದರೂ ಕಡಲಿನೊಳಗೆ ಅದು ಹಾಗೆಯೇ ಸಲ್ಲುವುದಿಲ್ಲ. ಹವಳದ ದಿಬ್ಬಗಳಲ್ಲಿ ಹುಲಿಯಷ್ಟೇ ತೂಕದ ಕೆಲಸವನ್ನು ಬೆರಳುದ್ದದ ಒಂದು ಮೀನು ಮಾಡುತ್ತಿದೆ.

ಕ್ಲೀನರ್ ರಾಸ್ ಎಂದು ಕರೆಯುವ ಈ ಮೀನು ಲಕ್ಷದ್ವೀಪದ ಹವಳದ ದಿಬ್ಬಗಳಲ್ಲಿದೆ. ತಿಳಿನೀಲಿ ಮೈ, ಮೂತಿಯಿಂದ ಬಾಲದವರೆಗೆ ಒಂದು ಕಪ್ಪು ಪಟ್ಟೆ. ಅದು ಒಂದು ಕಡೆ ನೆಲೆ ನಿಂತು ಮೈ ಬಳುಕಿಸುತ್ತ ಕುಣಿಯುತ್ತದೆ. ತನ್ನನ್ನು ಒಂದೇ ಗುಟುಕಿಗೆ ನುಂಗಬಲ್ಲ ದೊಡ್ಡ ಮೀನುಗಳು ಬಂದು, ಬಾಯಿ ಕಿವಿರುಗಳನ್ನು ಅಗಲಿಸಿ ಸುಮ್ಮನೆ ನಿಲ್ಲುತ್ತವೆ. ದನದ ಮೈಗೆ ಉಣ್ಣೆ ಹತ್ತುವಂತೆ ಮೀನುಗಳ ಮೈಗೆ ಹತ್ತುವ ರಕ್ತಹೀರುಕಗಳನ್ನು ಇದು ಬಾಯೊಳಗೂ ಹೊಕ್ಕು ಹೆಕ್ಕಿ ತಿನ್ನುತ್ತದೆ. ಒಂದು ಹುಲಿಗೆ ವರ್ಷಕ್ಕೆ ಸುಮಾರು 50 ಜಿಂಕೆ, ಕಡವೆಗಳಂಥ ಬೇಟೆ ಬೇಕು; ಆಸ್ಟ್ರೇಲಿಯಾದ ಲಿಜರ್ಡ್ ದ್ವೀಪದಲ್ಲಿ ವಿಜ್ಞಾನಿಗಳು ಲೆಕ್ಕ ಹಾಕಿದಾಗ ಇಂಥ ಒಂದು ಮೀನು ದಿನವೊಂದಕ್ಕೆ ಸುಮಾರು 1,200 ರಕ್ತಹೀರುಕಗಳನ್ನು ತಿನ್ನುತ್ತಿತ್ತು. ಅದೇ ದ್ವೀಪದ ಕೆಲವು ಸಣ್ಣ ದಿಬ್ಬಗಳಿಂದ ಈ ಮೀನನ್ನು ಎಂಟೂವರೆ ವರ್ಷ ದೂರವಿಟ್ಟು ನೋಡಿದಾಗ, ಅಲ್ಲೇ ನೆಲೆಸುವ ಮೀನುಗಳ ಸಂಖ್ಯೆ ಮೂರನೇ ಒಂದು ಪಾಲಿಗಿಂತ ಹೆಚ್ಚು ಕುಸಿದಿತ್ತು, ಜಾತಿಗಳ ಸಂಖ್ಯೆಯೂ ಇಳಿದಿತ್ತು. ಬೇರೆ ಯಾವ ಮೀನನ್ನೂ ಯಾರೂ ಮುಟ್ಟಿರಲಿಲ್ಲ.

ಇವೆರಡರ ಸಂಸಾರವೂ ಹೋಲಿಸುವಂಥದ್ದು. ಗಂಡು ಹುಲಿಯ ಸರಹದ್ದಿನೊಳಗೆ ಹಲವು ಹೆಣ್ಣುಗಳ ನೆಲೆಗಳಿರುವ ಹಾಗೆ ಈ ಗಂಡು ಮೀನಿನ ಸರಹದ್ದಿನಲ್ಲೂ ಹಲವು ಹೆಣ್ಣುಗಳಿರುತ್ತವೆ. ಗಂಡು ಹುಲಿ ಸತ್ತರೆ ಹೊಸ ಗಂಡು ಬಂದು ಹಳೆಯದರ ಮರಿಗಳನ್ನು ಕೊಲ್ಲುವುದುಂಟು. ಇಲ್ಲಿ ಹಾಗಲ್ಲ: ಗಂಡು ಇಲ್ಲವಾದ ಕೆಲವೇ ಗಂಟೆಗಳಲ್ಲಿ ಅತಿ ದೊಡ್ಡ ಹೆಣ್ಣು ಯಜಮಾನಿಕೆ ವಹಿಸಿಕೊಂಡು, ಎರಡು ಮೂರು ವಾರಗಳಲ್ಲಿ ತಾನೇ ಪೂರ್ತಿ ಗಂಡಾಗಿಬಿಡುತ್ತದೆ. ಓದಿದಾಗಲೆಲ್ಲ ನನಗೆ ಮೈ ನವಿರೇಳುತ್ತದೆ.

ಇಷ್ಟು ಬರೆಯಲು ಕಾರಣ, ಬೆಂಗಳೂರಿನ ಅಕ್ವೇರಿಯಂ ಅಂಗಡಿಯೊಂದರಲ್ಲಿ ಕಂಡ ದೃಶ್ಯ. ಗಾಜಿನ ತೊಟ್ಟಿಯಲ್ಲಿ ಒಂದೇ ಒಂದು ಕ್ಲೀನರ್ ರಾಸ್ ಇತ್ತು. ಹೊಟ್ಟೆ ಒಳಕ್ಕೆ ಅಂಟಿಕೊಂಡಿತ್ತು. ಆದರೂ ಜೊತೆಗಿದ್ದ ಎರಡು ಮೀನುಗಳ ಮುಂದೆ ಅದು ಬಳುಕಿ ಬಳುಕಿ ಕುಣಿಯುತ್ತಲೇ ಇತ್ತು. ಆ ಎರಡರ ಮೈಮೇಲೆ ತಿನ್ನಲು ಏನೂ ಇರಲಿಲ್ಲ. ಕೇಳಿದ್ದಕ್ಕೆ, ಇವು ಬಹಳ ದಿನ ಬಾಳುವುದಿಲ್ಲ, ಸತ್ತರೆ ಬೇರೆ ತರಿಸುತ್ತೇವೆ ಎಂಬ ಉತ್ತರ ಬಂತು. ಹುಲಿಮರಿಯ ಬಗ್ಗೆ ಹೀಗೆ ಮಾತಾಡಿದವರು ಜೈಲಿನಲ್ಲಿರುತ್ತಿದ್ದರು.

ಸಮುದ್ರದ ಮೀನು ಸಾಕುವ ಹವ್ಯಾಸಿಗಳಲ್ಲಿ ನನ್ನ ಮನವಿ ಇಷ್ಟೇ. ಕ್ಲೌನ್ ಮೀನುಗಳನ್ನು ಮರಿಕೇಂದ್ರದಲ್ಲೇ ಬೆಳೆಸುವ ವಿಧಾನವನ್ನು ನಮ್ಮ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯೇ ರೂಪಿಸಿದೆ. ಸಾಕಲೇಬೇಕೆಂದರೆ ಹಾಗೆ ಬೆಳೆದವನ್ನು ಕೇಳಿ ಕೊಳ್ಳಿರಿ. ಕ್ಲೀನರ್ ರಾಸ್ ಹಾಗಲ್ಲ, ಮಾರಾಟಕ್ಕೆ ಬರುವವು ಬಹುತೇಕ ಕಡಲಿನಿಂದಲೇ ಹಿಡಿದವು. ಅದನ್ನು ದಯವಿಟ್ಟು ಕೊಳ್ಳಬೇಡಿ. ತಮ್ಮಲ್ಲಿ ಕೇಳಿಕೊಳ್ಳುವುದೂ ಒಂದಿದೆ: ಮುರ್ಡೇಶ್ವರದಿಂದ ದೋಣಿಯಲ್ಲಿ ತಲುಪಬಹುದಾದ ನೇತ್ರಾಣಿ ದ್ವೀಪದಲ್ಲೇ ನಮಗೂ ಹವಳಗಳಿವೆ. ಬರುವ ಸಪ್ತಾಹದ ವಿಶೇಷ ಪುಟದಲ್ಲಿ ನಾಗರಹೊಳೆಯ ಹುಲಿಯ ಪಕ್ಕಕ್ಕೆ ಆ ಹವಳಗಳ ನಡುವಿನ ಸಣ್ಣ ಮೀನುಗಳಿಗೂ ಒಂದು ಕಾಲಂ ಜಾಗ ಕೊಡಿ.

– ಓದುಗ, ಮೈಸೂರು