ಹೆಸರು ಗೊತ್ತಿಲ್ಲದ ಅಕ್ಕಾರಿಗೆ ಥ್ಯಾಂಕ್ಸ್

2019ರ ಆಗಸ್ಟ್‌ನ್ಯಾಗ ಘಟಪ್ರಭಾ ಉಕ್ಕಿ ಬಂದಾಗ ಮುಧೋಳ ಕಡೆ ಸಾಲಿಯೊಳಗಿನ ಪರಿಹಾರ ಕೇಂದ್ರಕ್ಕ ಬಂದಿದ್ರಲ್ರಿ ಅಕ್ಕಾರ, ನಿಮಗ ಈ ಥ್ಯಾಂಕ್ಸ್. ರೊಟ್ಟಿ, ಚಾದರ, ಬಾಟ್ಲಿ ನೀರು ಕೊಡೋರು ಭಾಳ ಮಂದಿ ಬಂದ್ರು, ಅವ್ರಿಗೂ ಪುಣ್ಯ ಬರ್ಲಿ, ಆದ್ರ ನೀವು ನೋಟ್‌ಬುಕ್ ಹಿಡ್ಕೊಂಡು ಕೇಳಿದ್ದೇ ಬ್ಯಾರೆ, ಒಬ್ಬರೇ ಇರೋ ಮುದುಕ್ರು ಯಾರು, ಬಾಣಂತ್ಯಾರು ಯಾರು, ಕಿವಿ ಕೇಳದವ್ರು ಅದಾರೇನು, ಮಾನಸಿಕ ತ್ರಾಸಿಗೆ ಗುಳಿಗಿ ತಗೊಳ್ಳೋರ ಗುಳಿಗಿ ನೀರಾಗ ಹೋಗ್ಯಾವೇನು ಅಂತ.

ನಮ್ಮ ಕಾಕಾನ ಗುಳಿಗಿ ಹಂಗೇ ಹೋಗಿದ್ವು. ನಿದ್ದಿ ಇಲ್ದ ರಾತ್ರಿಯೆಲ್ಲ ಒಬ್ಬನೇ ಮಾತಾಡ್ತಿದ್ದ, ಮಂದಿ ಅಂಜಿ ಹಾಸಿಗಿ ದೂರ ಸರಿಸ್ಕೊಂಡಿದ್ರು. ನೀವು ಕಾಕೂನ ಬಾಜು ಕುಂತು ಗುಳಿಗಿ ಪಾಕೀಟ ಯಾವ ಬಣ್ಣದ್ದಿತ್ತು, ದಿನಕ್ಕ ಎಷ್ಟು ಕೊಡ್ತಿದ್ರಿ ಅಂತ ಕೇಳಿ, ಊರಿನ ಆಶಾ ಕಾರ್ಯಕರ್ತೆ ಅಕ್ಕಾರ್ನ ಕರಿಸಿ, ತಾಲೂಕಾ ದವಾಖಾನಿ ಡಾಕ್ಟರ್ ಜೋಡಿ ಫೋನಿನ್ಯಾಗ ಮಾತಾಡಿ, ಹಳೇ ಚೀಟಿ ಹುಡುಕಿಸಿ ಗುಳಿಗಿ ತರಿಸಿದ್ರಿ. ಅಳೋರ್ನ ಏನಾತು ಏನಾತು ಅಂತ ಕೆದಕಬ್ಯಾಡ್ರಿ, ಅವ್ರಾಗೇ ಹೇಳಿದ್ರ ಕೇಳ್ರಿ ಅಂತ ನಮ್ಮ ಹುಡುಗ್ರಿಗೂ ಹೇಳಿದ್ರಿ, ಅದು ಎಷ್ಟು ದೊಡ್ಡ ಮಾತು ಅಂತ ನನಗ ಆಮ್ಯಾಲೆ ತಿಳೀತು.

ಈಗ ಮಾನಸಿಕ ತ್ರಾಸು ಇದ್ದೋರಿಗೆ ಸರ್ಕಾರದ ಸಹಾಯವಾಣಿ 14416 ಟೆಲಿ ಮಾನಸ್ ಐತಿ, 2022ರಾಗ ಶುರುವಾತು, ಪುಕ್ಕಟೆ, ಹಗಲು ರಾತ್ರಿ ಯಾವಾಗ ಬೇಕಾದ್ರೂ ಕನ್ನಡದಾಗ ಮಾತಾಡಬೋದು, ಓದೋರು ನಂಬರ್ ಸೇವ್ ಮಾಡ್ಕೊಳ್ರಿ. ಆದ್ರ ಫೋನೇ ಇಲ್ದವ್ರ್ನ, ಮೂಲ್ಯಾಗ ಸುಮ್ನ ಕುಂತವ್ರ್ನ ಹುಡುಕಾಕ ನಿಮ್ಮಂಥೋರೇ ಬೇಕ್ರಿ.

ಕಾಕಾ ಆರಾಮ ಅದಾನ, ಗುಳಿಗಿ ತಪ್ಪಿಸಿಲ್ಲ. ಈ ಕಡೆ ಬಂದ್ರ ಮನಿಗೆ ಊಟಕ್ಕ ಬರ್ರಿ ಅಕ್ಕಾರ, ಕಾಕೂ ಇನ್ನೂ ನಿಮ್ನ ಕೇಳ್ತಾಳ.