ಸುಂಕ ಇಳಿಸುವ ಮುನ್ನ ಒಮ್ಮೆ ಪ್ರೆಸ್ ಶಾಪಿಗೆ ಬನ್ನಿ

ಕೋಲಾರ ಕ್ಷೇತ್ರದ ಮಾನ್ಯ ಲೋಕಸಭಾ ಸದಸ್ಯರಿಗೆ,

ನಮಸ್ಕಾರ. 2025ರ ಜುಲೈ 24ರಂದು ಬ್ರಿಟನ್ ಜೊತೆ ಮುಕ್ತ ವ್ಯಾಪಾರ ಒಪ್ಪಂದಕ್ಕೆ ಸಹಿ ಬಿತ್ತು. ಶೇ 100ರ ಮೇಲಿದ್ದ ಕಾರಿನ ಸುಂಕ ಕೋಟಾದೊಳಗೆ ಶೇ 10ಕ್ಕೆ ಇಳಿಯುತ್ತದೆ ಎಂದು ಎಲ್ಲರೂ ಅದನ್ನೇ ಚರ್ಚಿಸಿದರು. ಸಂತೋಷ. ಆ ದುಬಾರಿ ಕಾರಿನಿಂದ ನರಸಾಪುರ, ವೇಮಗಲ್, ಮಾಲೂರಿನವರ ಅನ್ನಕ್ಕೇನೂ ಕುತ್ತಿಲ್ಲ. ಇಲ್ಲಿನ ಪ್ರೆಸ್ ಶಾಪುಗಳಲ್ಲಿ, ಅಂದರೆ ತಗಡು ಅದುಮುವ ಸಣ್ಣ ಶೆಡ್ಡುಗಳಲ್ಲಿ, ತಯಾರಾಗುವುದು ವಾಹನದ ಬ್ರಾಕೆಟ್ಟು, ಕ್ಲಾಂಪಿನಂಥ ಬಿಡಿಭಾಗ. ಅದಕ್ಕೆ ಪೈಪೋಟಿ ಬಿಗಿಯಾಗಿದ್ದು 2010ರ ಕೊರಿಯಾ ಮತ್ತು ಆಸಿಯಾನ್ ಒಪ್ಪಂದ, 2011ರ ಜಪಾನ್ ಒಪ್ಪಂದಗಳಿಂದ.

ಲೆಕ್ಕ ಸರಳ. ಹೊರಗಿನ 100 ರೂಪಾಯಿ ಮಾಲಿಗೆ ಶೇ 10 ಸುಂಕವಿದ್ದರೆ ಇಲ್ಲಿನ ಶೆಡ್ಡಿನವನು 108ಕ್ಕೆ ಕೊಟ್ಟು ಬದುಕುತ್ತಾನೆ. ಸುಂಕ ಸೊನ್ನೆಯಾದರೆ ವಾಹನ ಕಂಪನಿಯ ಖರೀದಿ ವಿಭಾಗದವರು ಹೇಳುವುದು ಒಂದೇ: 100ಕ್ಕೆ ಕೊಡು, ಇಲ್ಲ ಬಿಡು. ಆ 8 ರೂಪಾಯಿಯನ್ನು ಉಕ್ಕಿನಲ್ಲಿ ಉಳಿಸೋಣವೆಂದರೆ, 2025ರ ಏಪ್ರಿಲ್‌ನಲ್ಲಿ ಸರ್ಕಾರವೇ ಆಮದು ತಗಡಿಗೆ ಶೇ 12 ರಕ್ಷಣಾ ಸುಂಕ ಹಾಕಿತು. ಉಕ್ಕಿನ ಗಿರಣಿಗೆ ಕೊಡೆ, ಶೆಡ್ಡಿಗೆ ಮಳೆ. ಕರೆಂಟು ಬಿಲ್ಲೂ ಇಳಿಯದು. ಕೊನೆಗೆ ಕತ್ತರಿ ಬೀಳುವುದು ಕೂಲಿಗೆ, ಸುರಕ್ಷತೆಗೆ.

ಹೇಗೆ ಗೊತ್ತೇ? ತಗಡು ಅದುಮುವ ಪವರ್ ಪ್ರೆಸ್ಸಿಗೆ ಒಟ್ಟಿಗೇ ಒತ್ತಬೇಕಾದ ಎರಡು ಬಟನ್ ಇಟ್ಟಿರುವುದೇ ಎರಡೂ ಕೈ ಡೈನಿಂದ, ಅಂದರೆ ಅಚ್ಚಿನಿಂದ, ಹೊರಗಿರಲಿ ಎಂದು. ಒಂದು ಬಟನ್ನಿಗೆ ಮರದ ಚೂರು ಸಿಕ್ಕಿಸಿ ಟೇಪು ಸುತ್ತಿದರೆ ಒಂದು ಕೈ ತಗಡು ಇಡುತ್ತದೆ, ಇನ್ನೊಂದು ಒತ್ತುತ್ತದೆ. ಪೀಸಿಗೆ ಒಂದೆರಡು ಸೆಕೆಂಡು ಉಳಿತಾಯ. ಲೋಹದ ಕೀಲಿಯೊಂದು (ಕೀ) ಚಕ್ರಕ್ಕೆ ಸಿಕ್ಕಿ ಓಡಿಸುವ ಹಳೆಯ ಕೀ ಕ್ಲಚ್ ಪ್ರೆಸ್ಸುಗಳದ್ದು ಇನ್ನೂ ಭಯಂಕರ. ಕೀ ಸವೆದರೆ, ಸ್ಪ್ರಿಂಗ್ ಮುರಿದರೆ, ಯಾರೂ ಬಟನ್ ಒತ್ತದೆಯೇ ತಗಡನ್ನು ಅದುಮುವ ರ‍್ಯಾಮ್ ಮತ್ತೊಮ್ಮೆ ಇಳಿಯುತ್ತದೆ. ಅದಕ್ಕೆ ಲೈಟ್ ಕರ್ಟನ್, ಅಂದರೆ ಕೈ ಅಡ್ಡ ಬಂದರೆ ಯಂತ್ರ ನಿಲ್ಲಿಸುವ ಬೆಳಕಿನ ಪರದೆ, ಹಾಕಿ ಪ್ರಯೋಜನವಿಲ್ಲ. ಶುರುವಾದ ಹೊಡೆತವನ್ನು ನಡುವೆ ನಿಲ್ಲಿಸುವ ಶಕ್ತಿ ಆ ಕ್ಲಚ್ಚಿಗಿಲ್ಲ. ಗಾಳಿಯ ಒತ್ತಡದಿಂದ ಕೆಲಸ ಮಾಡುವ ನ್ಯೂಮ್ಯಾಟಿಕ್ ಕ್ಲಚ್ಚು, ಬ್ರೇಕು ಹಾಕಿಸಬೇಕು. 8 ರೂಪಾಯಿ ಹುಡುಕುತ್ತಿರುವವನು ಹಾಕಿಸುತ್ತಾನೆಯೇ?

ಬೆರಳು ಹೋದವನ ಹೆಸರು ಗುತ್ತಿಗೆದಾರನ ಪುಸ್ತಕದಲ್ಲಿ. ಕಂಪನಿಯ ಬೋರ್ಡಿನಲ್ಲಿ ಅಪಘಾತ ಸೊನ್ನೆ. ಎಷ್ಟೋ ಸಲ ಅವನ ಇಎಸ್‌ಐ (ಕಾರ್ಮಿಕರ ವಿಮೆ) ನಂಬರು ಹುಟ್ಟುವುದೇ ಬೆರಳು ಹೋದ ಮೇಲೆ!

ಕಾನೂನು ನಿಮಗೆ ತಿಳಿಯದ್ದಲ್ಲ. 2025ರ ನವೆಂಬರ್ 21ರಂದು ಜಾರಿಯಾದ ಔದ್ಯೋಗಿಕ ಸುರಕ್ಷತಾ ಸಂಹಿತೆಯ 57ನೇ ಕಲಮಿನ ಪ್ರಕಾರ ಕಾರ್ಖಾನೆಯ ಮೂಲ ಕೆಲಸಕ್ಕೆ ಗುತ್ತಿಗೆ ಕಾರ್ಮಿಕರನ್ನು ಇಡುವಂತಿಲ್ಲ. ಏಕಾಏಕಿ ಕೆಲಸ ಹೆಚ್ಚಾದರೆ ವಿನಾಯಿತಿ. ನಮ್ಮಲ್ಲಿ ವರ್ಷವಿಡೀ ಏಕಾಏಕಿ! ಗುತ್ತಿಗೆ ನಿಯಮಗಳು ಅನ್ವಯಿಸುವ ಮಿತಿಯನ್ನು 20 ಜನರಿಂದ 50ಕ್ಕೆ ಏರಿಸಿದ್ದೀರಿ. 49 ಜನರ ಗುತ್ತಿಗೆದಾರರು ಎಷ್ಟು ಹುಟ್ಟುತ್ತಾರೋ ನೋಡುತ್ತಿರಿ. ಬ್ರಿಟನ್ ಒಪ್ಪಂದದಲ್ಲಿ ಕಾರ್ಮಿಕರಿಗೆಂದೇ ಒಂದು ಅಧ್ಯಾಯವಿದೆಯಂತೆ. ಅದು ವೇಮಗಲ್ಲಿಗೆ ಬರಲು ಯಾವ ಬಸ್ಸು ಹತ್ತಬೇಕು ಸ್ವಾಮಿ?

ಟೊಮೆಟೊ ದರ ಬಿದ್ದರೆ ರೈತ ರಸ್ತೆಗೆ ಸುರಿದಾದರೂ ನಿಮ್ಮ ಕಣ್ಣಿಗೆ ಬೀಳುತ್ತಾನೆ. ಇವರು ಏನನ್ನು ಸುರಿಯಬೇಕು?

ಕೇಳುವುದಿಷ್ಟೇ. ಬಿಡಿಭಾಗದ ಸುಂಕ ಮತ್ತೆ ಇಳಿಯುವ ಮುನ್ನ ಜಿಲ್ಲಾಧಿಕಾರಿ, ಕಾರ್ಖಾನೆ ಇಲಾಖೆಯವರನ್ನು ಕೂರಿಸಿ ಸಣ್ಣ ಶೆಡ್ಡುಗಳ ಪ್ರತಿ ಪ್ರೆಸ್ಸನ್ನೂ ತಪಾಸಣೆ ಮಾಡಿಸಿ. 57ನೇ ಕಲಂ ಜಾರಿ ಮಾಡಿಸಿ. ರಾಜ್ಯದ ವಿಷಯ, ಕೇಂದ್ರದ ವಿಷಯ ಎಂದು ಚೆಂಡು ಎಸೆಯಬೇಡಿ, ತಪಾಸಣೆ ಮಾಡಿಸಿ. ಬರುವ ಮುನ್ನ ಫೋನ್ ಮಾತ್ರ ಮಾಡಿಸಬೇಡಿ. ಮರದ ಚೂರು ತೆಗೆಯಲು ಎರಡು ನಿಮಿಷ ಸಾಕು.

ಇತಿ,
ನರಸಾಪುರ ಭಾಗದ ಒಬ್ಬ ಮತದಾರ